ಸ್ಕ್ಯಾನ್ ಪರದೆ ಹೆದರಿಸುವುದಕ್ಕಲ್ಲ

ಮಾನ್ಯ ಸಂಪಾದಕರೇ,

‘ಗರ್ಭ ತೆಗೆಸುವ ಮೊದಲು ಸ್ಕ್ಯಾನ್ ಮಾಡಿ ಮಗುವನ್ನು ತೋರಿಸಬೇಕು ಅಂತ ಅಮೆರಿಕದಲ್ಲಿ ಕಾನೂನೇ ಇದೆಯಂತೆ, ನಮ್ಮಲ್ಲೂ ಬರಬೇಕು’ ಎಂದು ಲಾಲ್‌ಬಾಗ್‌ನಲ್ಲಿ ವಾಕಿಂಗ್ ಜೊತೆಗಾರ್ತಿಯೊಬ್ಬರು ಹೇಳಿದರು. ಆವತ್ತಿನಿಂದ ಮನಸ್ಸಿಗೆ ಸಮಾಧಾನವಿಲ್ಲ. 26 ವರ್ಷ ಇದೇ ಊರಿನಲ್ಲಿ ನರ್ಸ್ ಆಗಿದ್ದೆ. ಅದರಲ್ಲಿ ಬಹುಪಾಲು ಕಳೆದದ್ದು ಸ್ಕ್ಯಾನಿಂಗ್ ಕೋಣೆಯಲ್ಲಿ.

ಸ್ಕ್ಯಾನೇ ಬೇಡ ಎನ್ನುತ್ತಿಲ್ಲ. ಎಷ್ಟು ವಾರವಾಗಿದೆ, ಗರ್ಭಕೋಶದಲ್ಲಿದೆಯೋ ಅಂಡನಾಳದಲ್ಲಿ ನಿಂತಿದೆಯೋ ಎಂದು ವೈದ್ಯರಿಗೆ ಗೊತ್ತಾಗಬೇಕು. ನಾಳ ಒಡೆದರೆ ತಾಯಿಯ ಜೀವಕ್ಕೇ ಸಂಚಕಾರ. ಆದರೆ ಅಗತ್ಯ ನೋಡಿ ಆ ಪರೀಕ್ಷೆ ಬರೆದುಕೊಡಬೇಕಾದವರು ವೈದ್ಯರು, ಶಾಸಕರಲ್ಲ. ಅಮೆರಿಕದ ಕೆಂಟಕಿ ರಾಜ್ಯ 2017ರಲ್ಲಿ ತಂದ ಕಾನೂನು ಚಿತ್ರ ತೋರಿಸಿ, ವಿವರಿಸಿ, ಎದೆಬಡಿತ ಕೇಳಿಸಿ ಎಂದು ವೈದ್ಯರಿಗೆ ಕಡ್ಡಾಯ ಮಾಡಿತು. ಹೆಂಗಸು ಬೇಕಿದ್ದರೆ ಮುಖ ತಿರುಗಿಸಿಕೊಳ್ಳಬಹುದು ಎಂದೂ ಸೇರಿಸಿತು. ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿಸಿಕೊಂಡು ಮಲಗಿದವಳಿಗೆ ಇದೆಂಥ ದಯೆ! ಅಲ್ಲಿನದೇ ಇನ್ನೊಂದು ರಾಜ್ಯ ವರ್ಜೀನಿಯಾ 2012ರಲ್ಲಿ ಸ್ಕ್ಯಾನ್ ಕಡ್ಡಾಯ ಮಾಡಿ, 2020ರಲ್ಲಿ ತಾನೇ ಅದನ್ನು ರದ್ದು ಮಾಡಿತು.

ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಪೀಣ್ಯದ ಗಾರ್ಮೆಂಟ್ಸ್ ಕೆಲಸದವಳು, ಮನೆಯಲ್ಲಿ ಇಬ್ಬರು ಮಕ್ಕಳು, ಚಿಕ್ಕದಕ್ಕೆ 8 ತಿಂಗಳು. ವೈದ್ಯರು ಸೌಂಡ್ ಜೋರು ಮಾಡಿ ‘ಕೇಳಮ್ಮ’ ಎಂದರು. ಅವಳು ಸೆರಗಿನಿಂದ ಕಿವಿ ಮುಚ್ಚಿಕೊಂಡಳು. ನಿರ್ಧಾರವೇನೂ ಬದಲಾಗಲಿಲ್ಲ. ಹೋಗುವಾಗ ನನ್ನ ಕೈ ಹಿಡಿದು, ‘ನಾನೇನು ಯೋಚ್ನೆ ಮಾಡ್ದೆ ಬಂದಿದ್ದೀನಾ ಅಕ್ಕಾ?’ ಎಂದಳು. ಆಮೇಲೆ ಪ್ರತಿಯೊಬ್ಬರನ್ನೂ ಮೊದಲೇ ಕೇಳುತ್ತಿದ್ದೆ, ‘ನೋಡ್ತೀಯೇನಮ್ಮ?’ ನೋಡಿ ಅತ್ತವರಿದ್ದಾರೆ, ನೋಡಿ ಮನಸ್ಸು ಬದಲಿಸಿ ಮನೆಗೆ ಹೋದವರೂ ಒಬ್ಬಿಬ್ಬರಿದ್ದಾರೆ. ಬೇಡ ಎಂದವರಿಗೆ ಕಾಣದಂತೆ ಪರದೆ ತಿರುಗಿಸುತ್ತಿದ್ದೆ.

ನಮ್ಮ 1971ರ ಗರ್ಭಪಾತದ ಕಾಯ್ದೆ, ಅದಕ್ಕೆ 2021ರಲ್ಲಿ ಬಂದ ತಿದ್ದುಪಡಿ, ಯಾವುದರಲ್ಲೂ ಚಿತ್ರ ತೋರಿಸಬೇಕೆಂಬ ಮಾತಿಲ್ಲ. ಅದು ಹಾಗೇ ಇರಲಿ. ಎದೆಬಡಿತದ ಹೆಸರಿನಲ್ಲಿ ಏನಾಗುತ್ತದೆಂದು ಕನ್ನಡಿಗರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. 2012ರಲ್ಲಿ ಐರ್ಲೆಂಡಿನಲ್ಲಿ ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ್ ಗರ್ಭ ನಿಲ್ಲುವುದಿಲ್ಲವೆಂದು ಗೊತ್ತಾದ ಮೇಲೆ ತೆಗೆಯಿರಿ ಎಂದು ಬೇಡಿಕೊಂಡರು. ಭ್ರೂಣದ ಎದೆ ಇನ್ನೂ ಬಡಿಯುತ್ತಿದೆ ಎಂದು ತೆಗೆಯಲಿಲ್ಲ. ನಂಜೇರಿ ಆ ಹೆಣ್ಣುಮಗಳು ಹೋಗಿಬಿಟ್ಟಳು.

ನಮ್ಮ ಶಾಸಕರಿಗೆ ಈ ಹೆಣ್ಣುಮಕ್ಕಳ ಬಗ್ಗೆ ಕಾಳಜಿಯಿದ್ದರೆ ಒಂದು ಕೆಲಸವಿದೆ. ನಾನಿದ್ದ ಕಡೆಯೆಲ್ಲ ತುಂಬು ಬಸುರಿಯರೂ ಗರ್ಭ ತೆಗೆಸಲು ಬಂದವರೂ ಒಂದೇ ಬೆಂಚಿನ ಮೇಲೆ ಕಾಯುತ್ತಿದ್ದರು. ಅವರನ್ನು ಬೇರೆ ಕೂರಿಸಲು ಜಾಗ ಮಾಡಿಕೊಡಿ.

– ನಿವೃತ್ತ ನರ್ಸ್, ಬಸವನಗುಡಿ, ಬೆಂಗಳೂರು