ಐದನೆಯ ಮನೆಗೂ ಹೆಪ್ಪು ತಲುಪಿತು

ಕಳೆದ ಮಂಗಳವಾರ ರಾತ್ರಿ ನನ್ನ ಪುಟ್ಟ ಕಂಪೈಲರ್ (ಬರೆದ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ ಐದನೆಯ ಬಗೆಯ ಪ್ರೊಸೆಸರ್‌ಗೂ ಪ್ಯಾಕೇಜ್ ಆಯಿತು. ಎಎಂಡಿ64, ಆರ್ಮ್64, ಪಿಪಿಸಿ64ಇಎಲ್, ಎಸ್390ಎಕ್ಸ್, ಕೊನೆಗೆ ರಿಸ್ಕ್‌ವಿ64. ಹದಿನಾಲ್ಕು ತಿಂಗಳು ಹಿಡಿಯಿತು. ಇದನ್ನು ಬಳಸುವವರು ಬೆರಳೆಣಿಕೆಯ ಮಂದಿ; ನೆರವಾದವರು ಅವರಿಗಿಂತ ಹೆಚ್ಚು. ಹಾಗಾಗಿ ಈ ಬರಹ.

ಈ ಕಂಪೈಲರ್‌ನ ಬಹುಪಾಲು ಬರೆದಿರುವುದು ಅದರದೇ ಭಾಷೆಯಲ್ಲಿ. ಮೊಸರು ಮಾಡಲು ಮೊಸರೇ ಬೇಕಲ್ಲ, ಹಾಗೆ. ಹೊಸ ಪ್ರೊಸೆಸರ್‌ಗೆ ಮೊದಲ ಚಮಚ ಹೆಪ್ಪನ್ನು ಪಕ್ಕದ ಮನೆಯಿಂದಲೇ ತರಬೇಕು. ಅಂದರೆ ನನ್ನ ಲ್ಯಾಪ್‌ಟಾಪಿನಲ್ಲೇ ಆ ಪ್ರೊಸೆಸರ್‌ಗಾಗಿ ಕಟ್ಟಿ (ಇದಕ್ಕೆ ಕ್ರಾಸ್ ಕಂಪೈಲ್ ಎನ್ನುತ್ತಾರೆ) ಕಳಿಸಬೇಕು. ಡೆಬಿಯನ್‌ಗೆ ಅಪ್‌ಲೋಡ್ ಮಾಡುವ ಹಕ್ಕು ನನಗಿಲ್ಲ. ಪ್ರತಿ ಸಲವೂ ಬೇಸರಿಸದೆ ಮಾಡಿಕೊಟ್ಟವರು ಆ ಹಕ್ಕಿರುವ ನನ್ನ ಸ್ಪಾನ್ಸರ್. ಪ್ಯಾಕೇಜ್ ಕಟ್ಟುವ ಕ್ರಮ ಹೇಳುವ ರೂಲ್ಸ್ ಕಡತದಲ್ಲಿ ಟ್ಯಾಬ್ ಇರಬೇಕಾದಲ್ಲಿ ನಾನು ಎಂಟು ಸ್ಪೇಸ್ ಒತ್ತಿದ್ದನ್ನು ಮೂರು ಬಾರಿ ತೋರಿಸಿಕೊಟ್ಟರು. ನಾಲ್ಕನೆಯ ಬಾರಿ ತಾವೇ ತಿದ್ದಿಬಿಟ್ಟರು.

ರಾಸ್ಪ್‌ಬೆರಿ ಪೈ (ಆರ್ಮ್ ಪ್ರೊಸೆಸರ್ ಇರುವ ಪುಟ್ಟ ಕಂಪ್ಯೂಟರ್) ಇಟ್ಟುಕೊಂಡಿದ್ದ ಆ ವಿದ್ಯಾರ್ಥಿನಿಗೆ ದೊಡ್ಡ ನಮಸ್ಕಾರ. 'ಸರ್, ಒಂದು ಸಾಲಿನ ಪ್ರೋಗ್ರಾಂ ಕೊಟ್ಟರೂ ಮುಗಿಯುತ್ತಲೇ ಇಲ್ಲ' ಎಂದು ಬರೆದಾಗ, ನಿಮ್ಮ ಎಸ್‌ಡಿ ಕಾರ್ಡ್ ಕೆಟ್ಟಿರಬೇಕು ಎಂದು ಉತ್ತರಿಸಿದ್ದೆ. ಕೆಟ್ಟಿದ್ದು ನನ್ನ ಕೋಡ್. ಕಡತ ಓದುವ ಭಾಗ ಮಾತ್ರ ಸಿ ಭಾಷೆಯಲ್ಲಿದೆ. ಓದಿದ ಅಕ್ಷರವನ್ನು ಅಲ್ಲಿ 'ಚಾರ್' ಎಂಬ ಒಂದೇ ಬೈಟಿನ ಜಾಗದಲ್ಲಿ ಇಟ್ಟಿದ್ದೆ. ಕಡತ ಮುಗಿದಾಗ ಸಿಗುವುದು -1. ನನ್ನ ಲ್ಯಾಪ್‌ಟಾಪಿನ ಎಎಂಡಿ64ರಲ್ಲಿ ಚಾರ್‌ಗೆ ಋಣ ಸಂಖ್ಯೆ ಗೊತ್ತು. ಆರ್ಮ್‌ನಲ್ಲಿ ಗೊತ್ತಿಲ್ಲ, ಅಲ್ಲಿ ಅದು 255 ಆಗುತ್ತದೆ. 255 ಎಂದಿಗೂ -1 ಆಗುವುದಿಲ್ಲ, ಲೂಪ್ ಎಂದಿಗೂ ಮುಗಿಯುವುದಿಲ್ಲ. ಈ ಪಟ್ಟಿಯಲ್ಲಿ ಉಳಿದ ಮೂರೂ ಆರ್ಮ್‌ನ ಕಡೆಯವೇ. ಲೋಕವೆಲ್ಲ ನನ್ನ ಲ್ಯಾಪ್‌ಟಾಪಿನಂತೆಯೇ ಇದೆ ಎಂದುಕೊಂಡಿದ್ದೆ; ಅದೇ ಒಂಟಿ. 'ಚಾರ್' ಅಳಿಸಿ, ಎಲ್ಲೆಡೆಯೂ ಋಣ ಸಂಖ್ಯೆ ಗೊತ್ತಿರುವ 'ಇಂಟ್' ಎಂದು ಬರೆಯಲು ಐದು ಸೆಕೆಂಡ್ ಸಾಕಾಯಿತು, ಕ್ಷಮೆ ಕೇಳುವ ಪತ್ರಕ್ಕೆ ಅರ್ಧ ದಿನ ಬೇಕಾಯಿತು.

ಎಸ್390ಎಕ್ಸ್ ಎಂದರೆ ಐಬಿಎಂನ ಮೇನ್‌ಫ್ರೇಮ್. ಅದನ್ನು ನಾನು ಕಣ್ಣಿನಿಂದ ಕಂಡಿಲ್ಲ. ದೂರದಿಂದಲೇ ಬಳಸಲು ಅತಿಥಿ ಖಾತೆ ಕೊಡಿಸಿದವರಿಗೆ ಕೃತಜ್ಞ. ಅಲ್ಲಿ ಪರೀಕ್ಷೆಗಳು ನಡೆದಾಗ 1 ಇರಬೇಕಾದಲ್ಲಿ 1,67,77,216 ಕಾಣಿಸಿತು. ಬೈಟ್‌ಗಳು ಹಿಂದುಮುಂದು! ನನ್ನ ಲ್ಯಾಪ್‌ಟಾಪ್ ಸಂಖ್ಯೆಯ ಬೈಟ್‌ಗಳನ್ನು ಜೋಡಿಸುವ ಕ್ರಮಕ್ಕೆ ಆ ಯಂತ್ರದ ಕ್ರಮ ಉಲ್ಟಾ. ಲೈಬ್ರರಿಯ ಬೈನರಿ ಕಡತವನ್ನು ನಾನು 'ಆಲ್' ಪ್ಯಾಕೇಜಿಗೆ ಹಾಕಿದ್ದೆ, ಅಂದರೆ ಒಮ್ಮೆ ಕಟ್ಟಿದ್ದನ್ನೇ ಎಲ್ಲರಿಗೂ ಹಂಚುವುದು. ಹಾಕಬೇಕಾಗಿದ್ದು 'ಎನಿ'ಗೆ, ಪ್ರತಿ ಪ್ರೊಸೆಸರ್‌ಗೂ ಬೇರೆಯಾಗಿ ಕಟ್ಟುವಂತೆ. ಈ ಎರಡು ಪದಗಳನ್ನು ಹೀಗೆ ಆರಿಸಿದವರ ಮೇಲೆ ನನಗೆ ಇನ್ನೂ ಸ್ವಲ್ಪ ಸಿಟ್ಟಿದೆ.

ರಿಸ್ಕ್‌ವಿ ಬೋರ್ಡನ್ನು ಹಳೆಯ ಗೆಳೆಯನೊಬ್ಬ ಹೋಳಿಗೆ ಡಬ್ಬಿಯಲ್ಲಿಟ್ಟು ಕೊರಿಯರ್ ಮಾಡಿದ್ದ. ಹೋಳಿಗೆ ಇರಲಿಲ್ಲ. ಶಿರಸಿಯ ಆಷಾಢದಲ್ಲಿ ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ಕರೆಂಟು ಮರುದಿನದ ಮಾತು. ಇಡೀ ರಾತ್ರಿ ಓಡಬೇಕಾದ ಪರೀಕ್ಷೆಗಳು ಎರಡು ಸಲ ಅರ್ಧಕ್ಕೆ ನಿಂತವು. ಮೂರನೆಯ ಸಲ ಎದುರು ಮನೆಯ ಭಾವ ತಮ್ಮ ಇನ್ವರ್ಟರಿನಿಂದ ಅಂಗಳ ದಾಟಿಸಿ ವಯರ್ ಎಳೆದುಕೊಟ್ಟರು. 'ಇದು ಏನು ಕೆಲಸ ಮಾಡುತ್ತದೆ?' ಎಂದು ಕೇಳಿದರು. ಹೆಪ್ಪಿನ ಕಥೆ ಹೇಳಿದೆ. ಬೆಳಿಗ್ಗೆ ಅಕ್ಕ ಒಂದು ಲೋಟ ಮೊಸರು ಕಳಿಸಿದ್ದರು.

ನಿನ್ನೆ ಯಾರೋ ಲೂಂಗ್‌ಆರ್ಚ್ ಎಂಬ ಇನ್ನೊಂದು ಬಗೆಯ ಪ್ರೊಸೆಸರ್‌ಗೆ ಯಾವಾಗ ಎಂದು ಕೇಳಿದ್ದಾರೆ. ಮಳೆಗಾಲ ಮುಗಿಯಲಿ ಎಂದು ಉತ್ತರಿಸಿದ್ದೇನೆ.