ಆಧಾರ್ ಒಂದನ್ನೇ ನಂಬಿ ಗಡಿಗೆ ಹೋಗಬೇಡಿ

ಸಂಪಾದಕರೇ,

ದುಬೈ ವೀಸಾ, ಕುವೈತ್ ವೀಸಾ ಅಂದರೆ ನಮ್ಮ ಉಡುಪಿ, ಮಂಗಳೂರು ಕಡೆ ಯಾರನ್ನು ಕೇಳಿದರೂ ಸರಿಯಾಗಿ ಹೇಳುತ್ತಾರೆ. ಮನೆಗೊಬ್ಬರಾದರೂ ಗಲ್ಫ್‌ನಲ್ಲಿ ದುಡಿದವರು ಇರುತ್ತಾರೆ, ಅಲ್ವಾ? ಆದರೆ ಕಾರಿನಲ್ಲಿ ಗಡಿ ದಾಟುವ ವಿಷಯ ಕೇಳಿ ನೋಡಿ, ಒಬ್ಬೊಬ್ಬರದ್ದು ಒಂದೊಂದು ಮಾತು. ಈಗ ಸ್ವಂತ ಗಾಡಿಯಲ್ಲೇ ಭೂತಾನ್, ನೇಪಾಳ ಅಂತ ಹೊರಡುವವರು ಜಾಸ್ತಿಯಾಗಿದ್ದಾರೆ. ನಮಗಾದದ್ದು ಅವರಿಗೆ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು, ಹೆಂಡತಿ, ಅಕ್ಕ, ಭಾವ ಕಾಪುವಿನಿಂದ ಹೊರಟು ಆರು ದಿನ ಗಾಡಿ ಓಡಿಸಿ ಪಶ್ಚಿಮ ಬಂಗಾಳದ ಜೈಗಾಂವ್ ತಲುಪಿದೆವು. ಅಲ್ಲಿಂದ ಗೇಟು ದಾಟಿದರೆ ಭೂತಾನಿನ ಫುಂಟ್‌ಶೋಲಿಂಗ್. ನಮ್ಮ ಕಾಗದಪತ್ರ ನೋಡಿದ ಊರಿನ ಏಜೆಂಟ್ ಒಬ್ಬರು "ಭಾರತದವರಿಗೆ ವೀಸಾ ಬೇಡ, ಆಧಾರ್ ಇದ್ದರೆ ಸಾಕು" ಅಂದಿದ್ದರು. ವೀಸಾ ಬೇಡ ಅನ್ನುವುದು ನಿಜ. ಆದರೆ ಪರ್ಮಿಟ್ ಬೇಕು, ಅದಕ್ಕೆ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಬೇಕು. ಭಾವ ಪಾಸ್‌ಪೋರ್ಟ್ ಮಾಡಿಸಿಯೇ ಇರಲಿಲ್ಲ. ವೋಟರ್ ಐಡಿ ಮನೆಯ ಕಪಾಟಿನಲ್ಲಿ, ಅಕ್ಕನ ಸೀರೆಗಳ ಅಡಿಯಲ್ಲಿ ಉಳಿದಿತ್ತು.

ಕೌಂಟರಿನಲ್ಲಿದ್ದವರು ಆಧಾರ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಗಾಜಿನ ಕೆಳಗಿನ ಸಂದಿಯಿಂದ ಮೆಲ್ಲಗೆ ವಾಪಸ್ ತಳ್ಳಿದರು. ಭಾವ ಅದನ್ನೇ ಮತ್ತೆ ಒಳಗೆ ತಳ್ಳಿದರು. ಅವರು ಮತ್ತೆ ಹೊರಗೆ ಕೊಟ್ಟರು. ಬೈಯಲಿಲ್ಲ, ಜೋರು ಮಾಡಲಿಲ್ಲ, ಆಗುವುದಿಲ್ಲ ಅಂತ ತಲೆಯಾಡಿಸಿದರು ಅಷ್ಟೆ. ಭಾವನೊಬ್ಬರನ್ನೇ ಲಾಡ್ಜಿನಲ್ಲಿ ಬಿಟ್ಟು ಬರಲು ಅಕ್ಕ ಒಪ್ಪಲಿಲ್ಲ, ನಮಗೂ ಮನಸ್ಸಾಗಲಿಲ್ಲ. ನಾಲ್ವರೂ ವಾಪಸ್ ಹೊರಟೆವು. ಮಾತಿಗೊಮ್ಮೆ ನಗುವ ಮನುಷ್ಯ ಆ ದಿನ ಸಿಲಿಗುರಿಯವರೆಗೆ ಬಾಯಿಯೇ ಬಿಡಲಿಲ್ಲ.

ಭೂತಾನ್ ಸರ್ಕಾರ ಭಾರತದ ಪ್ರವಾಸಿಗರಿಂದ ತಲೆಗೆ ಒಂದು ರಾತ್ರಿಗೆ 1,200 ರೂಪಾಯಿ ಶುಲ್ಕ ತೆಗೆದುಕೊಳ್ಳುತ್ತದೆ, 6ರಿಂದ 12 ವರ್ಷದ ಮಕ್ಕಳಿಗೆ ಅರ್ಧ. ನಾಲ್ವರು ಐದು ರಾತ್ರಿ ಉಳಿದರೆ 24,000 ಆಯಿತು, ಊಟ, ರೂಮು ಬಿಟ್ಟು. ಕಾರಿಗೆ ಬೇರೆಯೇ ಪರ್ಮಿಟ್, ಬೇರೆಯೇ ಶುಲ್ಕ. ಏಜೆಂಟ್ ಇದನ್ನೂ ಹೇಳಿರಲಿಲ್ಲ.

ನೇಪಾಳಕ್ಕೂ ನಮಗೆ ವೀಸಾ ಬೇಡ. ಗಾಡಿಗೆ ಮಾತ್ರ ಗಡಿಯಲ್ಲಿ 'ಭನ್ಸಾರ್' ಮಾಡಿಸಬೇಕು, ಅಂದರೆ ಅವರ ಕಸ್ಟಮ್ಸ್ ಚೀಟಿ. ಎಷ್ಟು ದಿನ ಇರುತ್ತೀರೋ ಅಷ್ಟು ದಿನದ ಹಣ ಕಟ್ಟಬೇಕು. ಅಲ್ಲಿಗೆ ಹೋಗುವ 65 ದಾಟಿದವರಿಗೆ, 15ರೊಳಗಿನ ಮಕ್ಕಳಿಗೆ ಆಧಾರ್ ನಡೆಯುತ್ತದೆ. ಆಧಾರ್ ಸಾಕು ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದಲೇ ಇರಬೇಕು ಅಂತ ನನ್ನ ಅನಿಸಿಕೆ. ಉಳಿದವರು ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇಟ್ಟುಕೊಂಡೇ ಹೊರಡಬೇಕು, ಮೊಬೈಲಿನಲ್ಲಿ ಫೋಟೊ ಅಲ್ಲ, ಒರಿಜಿನಲ್.

ಇನ್ನೂ ದೂರದ ದೇಶಗಳಿಗೆ ಕಾರಿನಲ್ಲೇ ಹೋಗುವ ಆಸೆ ಇರುವವರು ಕಾರ್ನೆ ಬಗ್ಗೆ ಮೊದಲೇ ವಿಚಾರಿಸಬೇಕು. ಕಾರನ್ನು ಅಲ್ಲೇ ಮಾರದೆ ವಾಪಸ್ ತರುತ್ತೇವೆ ಅನ್ನುವುದಕ್ಕೆ ಅದು ಖಾತರಿ ಪತ್ರ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಮ್ಮ ಆರ್‌ಟಿಒ ಕಚೇರಿಯಲ್ಲೇ ಕೊಡುತ್ತಾರೆ, ಒಂದು ವರ್ಷ ನಡೆಯುತ್ತದೆ.

ಹೇಗೂ ಗಾಡಿ ಇರುವವರೆಲ್ಲ ಒಂದಲ್ಲ ಒಂದು ಕೆಲಸಕ್ಕೆ ಆರ್‌ಟಿಒಗೆ ಹೋಗುತ್ತಾರೆ. ಯಾವ ದೇಶಕ್ಕೆ ಯಾವ ಗುರುತಿನ ಚೀಟಿ, ಗಾಡಿಗೆ ಯಾವ ಕಾಗದ, ಎಷ್ಟು ಶುಲ್ಕ ಅಂತ ಒಂದೇ ಒಂದು ಹಾಳೆಯನ್ನು ಕನ್ನಡದಲ್ಲಿ ಬರೆದು ಉಡುಪಿ, ಮಂಗಳೂರಿನ ಆರ್‌ಟಿಒ ಕಚೇರಿಗಳ ಗೋಡೆಗೆ ಹಚ್ಚಲಿ. ನಿಯಮ ಬದಲಾದಾಗ ಹಾಳೆಯನ್ನೂ ಬದಲಾಯಿಸಲಿ. ಜಿಲ್ಲಾಡಳಿತದವರು ದಯವಿಟ್ಟು ಇದನ್ನು ಮಾಡಿಸಿಕೊಡಬೇಕು.

– ಓದುಗ, ಕಾಪು