ಹಿಮ ಬಿದ್ದಾಗಷ್ಟೇ ಹೇಳುವ ಕಥೆಗಳು

ಮಾನ್ಯ ಸಂಪಾದಕರೇ,

ನಾನು ಅಮೆರಿಕದ ಮಿನ್ನೆಸೋಟಾದಲ್ಲಿರುವ ಕನ್ನಡಿಗ. ಇಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರ ನುಡಿಗೆ ಮಿನ್ನೆಸೋಟಾ ವಿಶ್ವವಿದ್ಯಾಲಯದ ಆನ್‌ಲೈನ್ ನಿಘಂಟೊಂದಿದೆ. ಅದರಲ್ಲಿ ‘ಮನೋಮಿನ್’ ಎಂದು ಹುಡುಕಿದೆ. ಕೆರೆಗಳಲ್ಲಿ ತಾನಾಗಿ ಬೆಳೆಯುವ ಕಾಡು ಅಕ್ಕಿ ಅದು. ದೋಣಿಯಲ್ಲಿ ಕೂತು, ತೆನೆ ಬಗ್ಗಿಸಿ, ಕೋಲಿನಿಂದ ಮೆಲ್ಲಗೆ ತಟ್ಟಿ ಉದುರಿಸುತ್ತಾರೆ. ಪದದ ಪಕ್ಕದ ಗುರುತು ಒತ್ತಿದರೆ ಹಿರಿಯರೊಬ್ಬರ ದನಿ ಕೇಳುತ್ತದೆ. ಮೂರು ಸಲ ಒತ್ತಿದೆ. ಬರೀ ಅಕ್ಷರದಲ್ಲಿ ಆ ಎಳೆತ ಎಲ್ಲಿ ಬರಬೇಕು?

ವಸತಿಶಾಲೆಗಳಲ್ಲಿ ಮಕ್ಕಳು ತಾಯ್ನುಡಿ ಆಡಿದರೆ ಶಿಕ್ಷಿಸುತ್ತಿದ್ದ ಕಾಲವಿತ್ತು. ಆ ಪೆಟ್ಟಿನಿಂದಾಗಿ ಈಗ ಚೆನ್ನಾಗಿ ಮಾತಾಡಬಲ್ಲವರು ಹೆಚ್ಚಾಗಿ ವಯಸ್ಸಾದವರೇ. ರೆಕಾರ್ಡಿಂಗ್ ಕೆಲಸ ಇನ್ನೂ ಜಾಸ್ತಿ, ಇನ್ನೂ ಬೇಗ ಆಗಬೇಕು.

ಆದರೆ ಒಂದು ಮಾತು. ದಿನನಿತ್ಯದ ನೆನಪು, ಸುದ್ದಿಗಳನ್ನು ಅವರು ಯಾವಾಗ ಬೇಕಾದರೂ ಹೇಳುತ್ತಾರೆ. ‘ಆದಿಜೋಕಾನ್’ ಎಂಬ ಪವಿತ್ರ ಕಥೆಗಳನ್ನು ಮಾತ್ರ ನೆಲದ ಮೇಲೆ ಹಿಮ ಇರುವಾಗಷ್ಟೇ ಹೇಳುವುದು ವಾಡಿಕೆ. ಅಂಥದ್ದನ್ನು ಸುಮ್ನೆ ಯೂಟ್ಯೂಬಿಗೆ ಹಾಕಿಬಿಟ್ಟರೆ ಬೇಸಿಗೆಯಲ್ಲೂ ಕೇಳಿಸುತ್ತದೆ, ಅಲ್ವಾ? ಯಾವುದನ್ನು ಯಾರಿಗೆ, ಯಾವಾಗ ಕೇಳಿಸಬೇಕು ಎಂಬುದನ್ನು ಆ ಜನರೇ ತೀರ್ಮಾನಿಸಲಿ. ಬೀಗದ ಕೈ ಅವರ ಬಳಿಯೇ ಇರಲಿ.

— ಒಬ್ಬ ಓದುಗ, ಮಿನಿಯಾಪೊಲಿಸ್